ಅಪ್‌ಡೇಟ್: ತಂಗಿಯ ಎಂಬಿಬಿಎಸ್ ಸೀಟು, ದಾವಣಗೆರೆಯೋ ಚಿತ್ರದುರ್ಗವೋ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ದಾವಣಗೆರೆಯ ಖಾಸಗಿ ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕ ನನ್ನ ತಂಗಿ ಅದನ್ನೇ ಖಚಿತಪಡಿಸಿಕೊಳ್ಳಬೇಕೇ, ಇಲ್ಲವೇ ಚಾಯ್ಸ್ 2 (ಸಿಕ್ಕ ಸೀಟನ್ನು ಹಿಡಿದಿಟ್ಟುಕೊಂಡೇ, ನಮ್ಮ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ ಕಾಲೇಜುಗಳಿಗಾಗಿ ಮುಂದಿನ ಸುತ್ತಿಗೆ ಹೋಗುವ ಆಯ್ಕೆ) ನಮೂದಿಸಿ ಚಿತ್ರದುರ್ಗದ ಸರ್ಕಾರಿ ಕಾಲೇಜಿಗೆ ಕಾಯಬೇಕೇ ಎಂದು ಹಿಂದೆ ಕೇಳಿದ್ದೆ. ಚಾಯ್ಸ್ 2 ನಮೂದಿಸಿದೆವು. ಎರಡನೇ ಸುತ್ತಿನಲ್ಲಿ ಚಿತ್ರದುರ್ಗದ ಸೀಟು ದೊರೆತು, ಹಳೆಯದು ನಿಯಮದಂತೆ ತಾನಾಗಿಯೇ ರದ್ದಾಯಿತು.

1965ರಲ್ಲಿ ಸ್ಥಾಪನೆಯಾದ ಜೆಜೆಎಂ ಕಾಲೇಜಿನ ಹೆಸರು, ಅದರ ವಿದ್ಯಾರ್ಥಿಗಳು ಕಲಿಯುವ ಬಾಪೂಜಿ ಮತ್ತು ಚಿಗಟೇರಿ ಆಸ್ಪತ್ರೆಗಳ ರೋಗಿಗಳ ಸಂಖ್ಯೆ, ಮನೆಯಿಂದಲೇ ಓಡಾಡುವ ಅನುಕೂಲ, ಇವೆಲ್ಲವನ್ನೂ ಬಿಡುವುದು ಸುಲಭವಾಗಿರಲಿಲ್ಲ. ಅಮ್ಮನಂತೂ ಕೊನೆಯವರೆಗೂ ಒಪ್ಪಿರಲಿಲ್ಲ. ಆದರೆ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದ ಶುಲ್ಕವೂ ಸರ್ಕಾರಿ ಕಾಲೇಜಿನದಕ್ಕಿಂತ ಬಹಳ ಹೆಚ್ಚು, ಮತ್ತು ಅದನ್ನು ವರ್ಷ ವರ್ಷವೂ ಕಟ್ಟಬೇಕು. ಅಪ್ಪ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯ ಪುಟದಲ್ಲಿ ಎರಡೂ ಕಾಲೇಜುಗಳ ಶುಲ್ಕ, ಹಾಸ್ಟೆಲ್, ಪುಸ್ತಕದ ಖರ್ಚುಗಳನ್ನು ಅಕ್ಕಪಕ್ಕ ಬರೆದು ಕೂಡಿದಾಗ, ಹಾಸ್ಟೆಲ್ ಸೇರಿಸಿದರೂ ಚಿತ್ರದುರ್ಗವೇ ಅಗ್ಗವೆಂದು ತಿಳಿಯಿತು.

2023ರಲ್ಲಿ ಆರಂಭವಾದ ಕಾಲೇಜು ಎಂಬ ಅಳುಕು ಸಹಜವೇ. ಆದರೂ ಎರಡೂ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೇ ಸೇರಿದವು. ಪರೀಕ್ಷೆಯೂ ಪದವಿಯೂ ಒಂದೇ. ಸ್ನಾತಕೋತ್ತರ ವಿದ್ಯಾರ್ಥಿಗಳ ದಟ್ಟಣೆಯಿಲ್ಲದ ಜಿಲ್ಲಾಸ್ಪತ್ರೆಯಲ್ಲಿ ಹೊಲಿಗೆ ಹಾಕುವುದು, ಹೆರಿಗೆ ಮಾಡಿಸುವುದು ಮುಂತಾದ ಕೆಲಸಗಳು ಇಂಟರ್ನ್‌ಗಳ ಕೈಗೆ ಬೇಗ ಬರುತ್ತವೆ ಎಂದು ನಾನು ಬಲವಾಗಿ ನಂಬಿದ್ದೇನೆ. ಇಂಥದೇ ಗೊಂದಲದಲ್ಲಿರುವವರು, ಮೇಲಿನ ಸೀಟು ಬಂದರೆ ಕೈಯಲ್ಲಿರುವುದು ಉಳಿಯದು ಎಂಬುದನ್ನು ತಿಳಿದೇ, ನಿಜವಾಗಿ ಸೇರಲು ಸಿದ್ಧವಿರುವ ಕಾಲೇಜುಗಳನ್ನು ಮಾತ್ರ ಮೇಲಿನ ಆಯ್ಕೆಗಳಲ್ಲಿ ಉಳಿಸಿಕೊಳ್ಳಿ.