ಅಪ್‌ಡೇಟ್: ಸಮಾಜಶಾಸ್ತ್ರ ಎಂ.ಎ. ಆದಮೇಲೆ ಪರಿಸರ ಸಂಶೋಧನೆ

ಪರಿಸರ ಸಂಶೋಧನೆಗೆ ಇಳಿಯಲು ಸಮಾಜಶಾಸ್ತ್ರದವರು ನೆಟ್ (ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅನ್ನು ಪರಿಸರ ವಿಜ್ಞಾನದಲ್ಲೇ ಬರೆಯಬೇಕಾ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ವಿಚಾರಿಸಿದ ಮೇಲೆ ತಿಳಿದದ್ದು ಇಷ್ಟು.

ಬೇಕಿಲ್ಲ, ಎಂ.ಎ. ವಿಷಯದಲ್ಲೇ ಬರೆಯಿರಿ. ನೆಟ್ ಮೂಲಕ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2024ರಲ್ಲಿ ನೆಟ್‌ನಲ್ಲಿ ಬಂದ ‘ಪಿಎಚ್‌ಡಿಗೆ ಮಾತ್ರ’ ಅರ್ಹತೆಗೆ ಈ ಹಣವಿಲ್ಲ. ಅದರ ಅಂಕ 1 ವರ್ಷವಷ್ಟೇ ಊರ್ಜಿತ. ಹೀಗೆ ಅರ್ಹರಾದವರ ಪಿಎಚ್‌ಡಿ ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ (ATREE) ಪಿಎಚ್‌ಡಿಗೆ ಸಮಾಜ ವಿಜ್ಞಾನದವರೂ ಅರ್ಜಿ ಹಾಕಬಹುದು.

ಎಡವುವುದು ಬೇರೆ ಕಡೆ. ‘ಜನರನ್ನು ಮಾತಾಡಿಸೋಕೆ ಯಾರ ಅನುಮತಿ?’ ಅಂದುಕೊಳ್ಳುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಅಭಯಾರಣ್ಯದೊಳಗಿನ ಸೋಲಿಗರ ಪೋಡಿನಲ್ಲಿ (ಹಾಡಿಯಲ್ಲಿ) ಸಂದರ್ಶನ ಮಾಡುವುದಾದರೂ 1972ರ ವನ್ಯಜೀವಿ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಜೊತೆಗೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ಕನ್ನಡದಲ್ಲೇ ಸಮ್ಮತಿ ಪತ್ರ. ಓದು ಬಾರದವರಿಗೆ ಅದನ್ನು ಓದಿ ಹೇಳಬೇಕು. ಫೆಲೋಶಿಪ್ ಶುರುವಾದ ಮೇಲೆ ಪರವಾನಗಿಗೆ ಅರ್ಜಿ ಹಾಕಿದರೆ ಕಾಯುವ ತಿಂಗಳುಗಳೆಲ್ಲ ಅದರ ಅವಧಿಯಿಂದಲೇ ಕಳೆಯುತ್ತವೆ. ಅಭಯಾರಣ್ಯದ ಗಡಿಯಾಚೆಯ ಒಂದೆರಡು ಹಳ್ಳಿಗಳನ್ನೂ ಸಂಶೋಧನಾ ಪ್ರಸ್ತಾವನೆಯಲ್ಲಿ ಸೇರಿಸಿದ್ದರೆ ಪರವಾನಗಿ ಬರುವಷ್ಟರಲ್ಲಿ ಅಲ್ಲಿ ಕೆಲಸ ನಡೆಯುತ್ತದೆ.