ಅಪ್‌ಡೇಟ್: ಅಮ್ಮನ ಹೆಸರಿಗೆ ಖಾತೆಯಾಯಿತು, ಮನೆಯ ಅರ್ಜಿ ಸ್ವೀಕೃತವಾಯಿತು

ತೀರಿಕೊಂಡ ತಂದೆಯ ಹೆಸರಿನಲ್ಲಿದ್ದ ಹಕ್ಕುಪತ್ರದ ಆಧಾರದ ಮೇಲೆ, ಮನೆಗೆಲಸ ಮಾಡುವ ನನ್ನ ತಾಯಿಯು ಪ್ರಧಾನಮಂತ್ರಿ ಆವಾಸ್ ಯೋಜನೆಯ (ನಗರ) ಸಹಾಯಧನ ಪಡೆಯಬಹುದೇ ಎಂದು ನಾನು ಹಿಂದೆ ಕೇಳಿದ್ದೆ. ಮೊದಲು ಪೌತಿ ಖಾತೆ (ಮೃತರ ಹೆಸರಿನಲ್ಲಿರುವ ಆಸ್ತಿ ದಾಖಲೆಯನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವುದು) ಮಾಡಿಸಿ ಎಂದು ಸಲಹೆ ನೀಡಿದವರಿಗೆ ಕೃತಜ್ಞತೆ ಸಲ್ಲಿಸುತ್ತಾ, ಮುಂದೆ ನಡೆದುದನ್ನು ತಿಳಿಸುತ್ತಿದ್ದೇನೆ.

ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷ ಸಲ್ಲಿಸಿದ ಮೇಲೆ ಖಾತೆಯು ಅಮ್ಮನ ಹೆಸರಿಗೆ ಬಂದಿತು. ಸ್ವಂತ ನಿವೇಶನದಲ್ಲಿ ಫಲಾನುಭವಿಯೇ ಮನೆ ಕಟ್ಟಿಕೊಳ್ಳುವ ವಿಭಾಗದಲ್ಲಿ, ಕುಟುಂಬದ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರಬಾರದು ಮತ್ತು ದೇಶದ ಯಾವುದೇ ಭಾಗದಲ್ಲಿ ಪಕ್ಕಾ ಮನೆ ಇರಬಾರದು ಎಂಬ ಷರತ್ತುಗಳನ್ನು ನಾವು ಪೂರೈಸಿದ್ದರಿಂದ ಈ ಬಾರಿ ಅರ್ಜಿ ಸ್ವೀಕೃತವಾಯಿತು. ಮನೆಯ ಒಡೆತನದಲ್ಲಿ ಮಹಿಳೆಗೆ ಆದ್ಯತೆ ನೀಡುವ ಈ ಯೋಜನೆಯ ನಿಯಮವು ವಿಧವೆಯರ ಪಾಲಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಆದರೆ ಒಂದು ವಿಷಯ ನನ್ನನ್ನು ಬಹಳವಾಗಿ ನೋಯಿಸುತ್ತಿದೆ. 2015ರಲ್ಲಿ ಯೋಜನೆ ಆರಂಭವಾದಾಗ ಕೇಂದ್ರದ ಪಾಲು 1.5 ಲಕ್ಷ ರೂಪಾಯಿ ಇತ್ತು. 2024ರಲ್ಲಿ ಆರಂಭವಾದ 2.0 ಆವೃತ್ತಿಯಲ್ಲಿಯೂ ಕರ್ನಾಟಕದಂತಹ ರಾಜ್ಯಗಳಿಗೆ ಅದು ಅಷ್ಟೇ ಇದೆ, ಆದರೆ ಸಿಮೆಂಟು, ಕಬ್ಬಿಣ, ಕೂಲಿ ಯಾವುದೂ ಹಳೆಯ ದರದಲ್ಲಿ ಉಳಿದಿಲ್ಲ. ಅದೂ ಅಲ್ಲದೆ, ಕಾಮಗಾರಿಯ ಹಂತಗಳನ್ನು ಜಿಯೋಟ್ಯಾಗ್ (ತೆಗೆದ ಸ್ಥಳದ ಗುರುತು ಸೇರಿರುವ) ಛಾಯಾಚಿತ್ರದ ಮೂಲಕ ದೃಢಪಡಿಸಿಕೊಂಡು ಹಣವನ್ನು ಕಂತುಗಳಲ್ಲಿ ಬಿಡುಗಡೆ ಮಾಡುವುದರಿಂದ, ಉಳಿತಾಯವೇ ಇಲ್ಲದ ಕುಟುಂಬವು ತಳಪಾಯಕ್ಕಾಗಿ ಮೊದಲು ಸಾಲ ಮಾಡಬೇಕಾಗುತ್ತದೆ. ನಾವು ಅಮ್ಮನ ಸ್ವಸಹಾಯ ಸಂಘದಿಂದ ಸಾಲ ಪಡೆದಿದ್ದೇವೆ. ತಳಪಾಯ ಮುಗಿದಿದೆ, ಛಾಯಾಚಿತ್ರ ತೆಗೆಯುವವರು ಇನ್ನೂ ಬರಬೇಕಾಗಿದೆ.