ಲಕ್ವ ಹೊಡೆದ ಕೈಗೆ ರಾಟೆ ಕಟ್ಟಿ ಎಳೆಸಬಹುದೇ? ಭುಜದ ನೋವು ಹೆಚ್ಚುತ್ತಿದೆ

ಡೊಂಬಿವಲಿ ಪೂರ್ವ ಕೇಳಿದ್ದು:

ನಮಸ್ಕಾರ. ತಂದೆಯವರಿಗೆ 68 ವರ್ಷ, ಶುಗರ್ ಇದೆ. ಆರು ವಾರದ ಹಿಂದೆ ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿವೆ. ಕಾಲಿಗೆ ಸ್ವಲ್ಪ ಬಲ ಬರುತ್ತಿದೆ. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾರೆ, ಆದರೆ ಪಾದದ ತುದಿ ನೆಲಕ್ಕೆ ಉಜ್ಜುತ್ತದೆ. ಕೈ ಮಾತ್ರ ಜೋತುಬಿದ್ದೇ ಇದೆ.

ಮನೆಗೆ ಬರುವ ಫಿಸಿಯೊ ಬಾಗಿಲಿಗೆ ರಾಟೆ ಕಟ್ಟಿಸಿದ್ದಾರೆ. ಬಲಗೈಯಿಂದ ಹಗ್ಗ ಎಳೆದು ಎಡಗೈ ಮೇಲೆತ್ತಬೇಕು, ದಿನಕ್ಕೆ ಎರಡು ಸಲ, ಸಲಕ್ಕೆ 20. ಮೊದಲ ವಾರ ಏನೂ ಅನ್ನಿಸಲಿಲ್ಲ. ಈಗ ಕೈ ಭುಜದ ಮಟ್ಟ ಮುಟ್ಟುವ ಮೊದಲೇ ‘ಅಯ್ಯೋ’ ಅನ್ನುತ್ತಾರೆ, ರಾತ್ರಿ ನಿದ್ದೆ ಇಲ್ಲ. ಭುಜದ ತುದಿಯ ಮೂಳೆಯ ಕೆಳಗೆ ಒಂದೂವರೆ ಬೆರಳು ಹೋಗುವಷ್ಟು ಗುಳಿ ಕಾಣಿಸುತ್ತದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಬಟ್ಟೆಯ ಜೋಲಿ ಹಾಕಿರುತ್ತೇವೆ. ಸಂಜೆ ಅಂಗೈ ಹಿಂಭಾಗ ಊದುತ್ತದೆ.

1. ರಾಟೆ ಮುಂದುವರಿಸಬೇಕೇ?
2. ಜೋಲಿ ಸರಿಯೇ?
3. ಕರೆಂಟಿನ ಮೆಷಿನ್‌ಗೆ ದಿನಕ್ಕೆ ಬೇರೆ ದುಡ್ಡು ಕೇಳುತ್ತಿದ್ದಾರೆ, ಪ್ರಯೋಜನ ಇದೆಯೇ?
4. ಪಕ್ಕದ ಬಿಲ್ಡಿಂಗಿನವರು ಮಾಲೀಸಿನವನನ್ನು ಕಳಿಸುತ್ತೇನೆ ಅನ್ನುತ್ತಿದ್ದಾರೆ. ಮಾಡಿಸಬಹುದೇ?

ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಗಲು ನೋಡಿಕೊಳ್ಳಲು ಒಬ್ಬ ಮಾವುಶಿ ಬರುತ್ತಾರೆ.

---

ಕೊಥ್ರೂಡ್ ಫಿಸಿಯೊ:

ರಾಟೆಯನ್ನು ಇವತ್ತೇ ಬಿಚ್ಚಿ. ಉಳಿದದ್ದು ನಿಧಾನಕ್ಕೆ ಓದಿದರೂ ನಡೆಯುತ್ತದೆ.

ಕಾರಣ ಹೇಳುತ್ತೇನೆ. ಕೈಯನ್ನು ಪೂರ್ತಿ ಮೇಲೆತ್ತಿದರೆ 180 ಡಿಗ್ರಿ. ಅದರಲ್ಲಿ ಸುಮಾರು 120 ಭುಜದ ಕೀಲಿನದು, 60 ಬೆನ್ನ ಹಿಂದಿನ ಹಲಗೆ ಮೂಳೆ, ಅಂದರೆ ಸ್ಕ್ಯಾಪುಲಾ, ತಿರುಗಿ ಕೊಡುವುದು. ಜೊತೆಗೆ ತೋಳಿನ ಮೂಳೆ ಹೊರಕ್ಕೆ ಹೊರಳಬೇಕು. ಆಗ ಮಾತ್ರ ತೋಳಿನ ಮೂಳೆಯ ಉಬ್ಬು ಮೇಲಿನ ಚಾವಣಿ ಮೂಳೆಗೆ ತಾಗದೆ ಅಡಿಯಿಂದ ನುಸುಳುತ್ತದೆ. ಲಕ್ವದ ಕೈಯಲ್ಲಿ ಹಲಗೆ ತಾನಾಗಿ ತಿರುಗುವುದಿಲ್ಲ, ತೋಳು ಒಳಕ್ಕೆ ಹೊರಳಿಕೊಂಡೇ ಇರುತ್ತದೆ. ರಾಟೆ ಇದ್ಯಾವುದನ್ನೂ ನೋಡದೆ ಸುಮ್ಮನೆ ಮೇಲಕ್ಕೆ ಎಳೆಯುತ್ತದೆ. ಎಳೆದಷ್ಟೂ ಸಲ ನಡುವಿನ ಸ್ನಾಯುರಜ್ಜು ಎರಡು ಮೂಳೆಗಳ ಮಧ್ಯೆ ಸಿಕ್ಕಿ ಜಜ್ಜುತ್ತದೆ. ದಿನಕ್ಕೆ 40 ಸಲ ಅಂದರೆ ಎಷ್ಟಾಯಿತು ನೋಡಿ. ಬಲಗೈಗೆ ಎಡಗೈಯ ನೋವು ಗೊತ್ತಾಗುವುದೂ ಇಲ್ಲ, ‘ಇನ್ನೂ ಸ್ವಲ್ಪ’ ಎಂದು ಎಳೆಯುತ್ತಲೇ ಇರುತ್ತದೆ. ಫ್ರೋಜನ್ ಶೋಲ್ಡರ್‌ಗೆ, ಅಂದರೆ ಭುಜದ ಕೀಲು ಬಿಗಿದುಹೋದವರಿಗೆ, ರಾಟೆ ಬಳಸುವುದುಂಟು. ಅಲ್ಲಿ ಸ್ನಾಯುಗಳಿಗೆ ಸ್ವಾಧೀನ ಇರುತ್ತದೆ, ಇಲ್ಲಿ ಇಲ್ಲ.

ಅದರ ಬದಲು ಹೀಗೆ ಮಾಡಿ. ಅಂಗಾತ ಮಲಗಿಸಿ ಅವರ ಎಡಕ್ಕೆ ನೀವು ಕುಳಿತುಕೊಳ್ಳಿ. ನಿಮ್ಮ ಒಂದು ಕೈ ಅವರ ಬೆನ್ನಡಿ ಹೋಗಿ ಹಲಗೆ ಮೂಳೆಯ ಒಳಅಂಚನ್ನು ಹಿಡಿಯಬೇಕು. ಇನ್ನೊಂದು ಕೈ ಅವರ ಮೊಣಕೈಯನ್ನು ಕೆಳಗಿನಿಂದ ಆನಿಸಿ, ಅವರ ಮುಂಗೈಯನ್ನು ನಿಮ್ಮ ಮುಂಗೈ ಮೇಲೆ ಒರಗಿಸಿಕೊಳ್ಳಲಿ. ಮೊದಲು ಹೆಬ್ಬೆರಳು ಹೊರಮುಖವಾಗುವಂತೆ ತೋಳನ್ನು ಹೊರಳಿಸಿ. ಆಮೇಲೆ ಎತ್ತುತ್ತಾ, ಬೆನ್ನಡಿಯ ಕೈಯಿಂದ ಹಲಗೆಯನ್ನು ಮುಂದಕ್ಕೂ ಮೇಲಕ್ಕೂ ತನ್ನಿ. ಎರಡೂ ಒಟ್ಟಿಗೆ ಚಲಿಸಬೇಕು. ಸದ್ಯಕ್ಕೆ 90 ಡಿಗ್ರಿ ಮೀರಬೇಡಿ, ನೋವು ಅದಕ್ಕಿಂತ ಮೊದಲೇ ಬಂದರೆ ಅಲ್ಲಿಗೇ ನಿಲ್ಲಿಸಿ ಸ್ವಲ್ಪ ಕೆಳಗಿಳಿಸಿ. ಮುಖ ನೋಡುತ್ತಾ ಮಾಡಿ, ಹುಬ್ಬು ಗಂಟಿಕ್ಕಿದರೆ ಅದೇ ಮಿತಿ. 8ರಿಂದ 10 ಸಲ, ದಿನಕ್ಕೆ ಎರಡು ಹೊತ್ತು ಸಾಕು.

ಅವರೇ ಮಾಡುವಂಥದ್ದು ಬೇಕೆಂದರೆ ಊಟದ ಮೇಜಿನ ಮುಂದೆ ಕೂರಿಸಿ. ನುಣುಪಾದ ಮೇಜಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ ಎಡ ಅಂಗೈ, ಅದರ ಮೇಲೆ ಬಲ ಅಂಗೈ. ಕೈಯನ್ನು ತಳ್ಳಲು ಹೋಗದೆ, ಸೊಂಟದಿಂದ ಬಾಗಿ ಎದೆಯನ್ನು ಮೇಜಿನತ್ತ ತರಬೇಕು. ಟವೆಲ್ ತಾನೇ ಮುಂದೆ ಜಾರುತ್ತದೆ. ಭುಜಕ್ಕೆ ಮೇಲೆತ್ತಿದಷ್ಟೇ ಚಲನೆ ಸಿಗುತ್ತದೆ, ಆದರೆ ಕೈಯ ಭಾರ ಮೇಜಿನ ಮೇಲಿರುತ್ತದೆ. 10 ಸಲ, ಮೂರು ಸುತ್ತು.

ಇನ್ನೊಂದು, ಯಾರೂ ಹೇಳದೆ ಬಿಡುವುದು: ತೋಳು ಹೊರಕ್ಕೆ ಹೊರಳಿದ ಭಂಗಿಯಲ್ಲಿ ದಿನಕ್ಕೆ ಅರ್ಧ ಗಂಟೆ ಇಡುವುದು. ಅಂಗಾತ ಮಲಗಿದಾಗ ತೋಳನ್ನು ಮೈಯಿಂದ ಸುಮಾರು 45 ಡಿಗ್ರಿ ದೂರ ಇಟ್ಟು, ಮೊಣಕೈ ಮಡಚಿ, ಮುಂಗೈಯನ್ನು ತಲೆಯ ಕಡೆಗೆ ಎಷ್ಟು ನೋವಿಲ್ಲದೆ ಬರುತ್ತದೋ ಅಷ್ಟೇ ವಾಲಿಸಿ. ತೋಳಿನಡಿಗೂ ಮುಂಗೈಯಡಿಗೂ ದಿಂಬು ಇರಲಿ. ಮೊದಲು ಬಿಗಿಯುವುದು ಇದೇ ಚಲನೆ. ಶುಗರ್ ಇದ್ದವರಲ್ಲಿ ಭುಜ ಗಟ್ಟಿಯಾಗುವ ಸಂಭವ ಹೇಗೂ ಜಾಸ್ತಿ.

ಗುಳಿಯ ಬಗ್ಗೆ ಗಾಬರಿ ಬೇಡ. ತೋಳಿನ ಗುಂಡು ತಲೆಯನ್ನು ಬಟ್ಟಲಲ್ಲಿ ಎತ್ತಿ ಹಿಡಿಯುವ ಸುಪ್ರಾಸ್ಪೈನೇಟಸ್ ಮೊದಲಾದ ಸ್ನಾಯುಗಳು ಸೋತಾಗ ಕೈಯ ಭಾರಕ್ಕೆ ಅದು ಜಾರುತ್ತದೆ. ಗುಳಿ ಇದ್ದೂ ನೋವಿಲ್ಲದವರು ಬೇಕಾದಷ್ಟು. ನೋವು ಬರುವುದು ಹೆಚ್ಚಾಗಿ ಎಳೆದಾಟದಿಂದ.

ಕರೆಂಟಿನ ಮೆಷಿನ್ ಯಾವುದೆಂದು ಕೇಳಿ. ಟೆನ್ಸ್, ಐಎಫ್‌ಟಿ ಆದರೆ ಅದು ನೋವಿಗಷ್ಟೇ, ಸ್ನಾಯುವಿಗೆ ಬಲ ಕೊಡುವುದಿಲ್ಲ. ಸ್ನಾಯು ಸಂಕೋಚಿಸುವ ಸ್ಟಿಮ್ಯುಲೇಷನ್ ಆದರೆ ಈ ಹಂತದಲ್ಲಿ ಕೊಡಿಸುವುದಕ್ಕೆ ಅರ್ಥವಿದೆ. ಸುಪ್ರಾಸ್ಪೈನೇಟಸ್ ಮೇಲೊಂದು, ಭುಜದ ಹಿಂಬದಿಯ ಡೆಲ್ಟಾಯ್ಡ್ ಸ್ನಾಯುವಿನ ಮೇಲೊಂದು ಪ್ಯಾಡ್. ಸಾಮಾನ್ಯವಾಗಿ 30ರಿಂದ 40 ಹರ್ಟ್ಸ್. ಕರೆಂಟ್ ಬಂದಾಗ ಗುಳಿ ಮುಚ್ಚುವುದು ಕಣ್ಣಿಗೆ ಕಾಣಬೇಕು. ಅದರ ಬದಲು ಹೆಗಲು ಕಿವಿಯತ್ತ ಏರಿದರೆ ಪ್ಯಾಡ್ ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರಪೀಜಿಯಸ್ ಸ್ನಾಯುವಿನ ಮೇಲೆ ಕೂತಿದೆ, ಜಾಗ ಸರಿಸಲು ಹೇಳಿ. ಪೇಸ್‌ಮೇಕರ್ ಇದ್ದರೆ ಯಾವ ಮೆಷಿನ್ನೂ ಬೇಡ.

---

ಮುಲುಂಡ್ ಓಟಿ (ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವವರು):

ಕೊಥ್ರೂಡಿನವರು ಹೇಳಿದ್ದಕ್ಕೆ ನನ್ನದೂ ಸಹಿ. ಆದರೆ ಫಿಸಿಯೊ ಇರುವುದು ದಿನಕ್ಕೆ ಮುಕ್ಕಾಲು ಗಂಟೆ. ಮಿಕ್ಕ ಹೊತ್ತು ಆ ಕೈ ಮಾವುಶಿಯ ಮತ್ತು ಮನೆಯವರ ಕೈಯಲ್ಲಿ. ಭುಜ ಕೆಡುವುದೂ ಅಲ್ಲೇ: ಅಂಗಿ ಹಾಕುವಾಗ, ಹಾಸಿಗೆಯಿಂದ ಎಬ್ಬಿಸುವಾಗ, ಕಮೋಡಿಗೆ ಕೂರಿಸುವಾಗ.

ಕಂಕುಳಿಗೆ ಕೈ ಹಾಕಿ ಎತ್ತುವುದನ್ನು ಇವತ್ತಿನಿಂದ ನಿಲ್ಲಿಸಲು ಮಾವುಶಿಗೆ ಹೇಳಿ. ಎಡಗೈ ಹಿಡಿದು ‘ಚಲಾ, ಉಠಾ ಕಾಕಾ’ ಎಂದು ಎಳೆಯುವುದೂ ಬೇಡ. ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ, ಅದನ್ನು ಹಿಡಿದು ಏಳಿಸಲಿ. ಹಾಸಿಗೆಯಲ್ಲಿ ಹೊರಳಿಸುವಾಗ ಹಿಡಿಯಬೇಕಾದ್ದು ಹಲಗೆ ಮೂಳೆ ಮತ್ತು ಸೊಂಟ. ಅಂಗಿ ತೊಡಿಸುವಾಗ ಎಡಗೈ ಮೊದಲು, ಬಿಚ್ಚುವಾಗ ಎಡಗೈ ಕೊನೆಗೆ. ಬನಿಯನ್ ಬಿಟ್ಟು ಮುಂದೆ ಗುಂಡಿ ಇರುವ ಅಂಗಿಗೆ ಬದಲಾಯಿಸಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಜೋಲಿಯ ಪ್ರಶ್ನೆಗೆ: ದಿನವಿಡೀ ಹಾಕಿದರೆ ಮೊಣಕೈ ಮಡಚಿ, ತೋಳು ಒಳಕ್ಕೆ ಹೊರಳಿ, ಹಾಗೇ ಬಿಗಿಯುತ್ತದೆ. ಯಾವ ಭಂಗಿ ಬೇಡವೋ ಅದೇ ಭಂಗಿಯಲ್ಲಿ ಕಟ್ಟಿಟ್ಟ ಹಾಗೆ. ನಿಂತಾಗ, ನಡೆಯುವಾಗ ಮಾತ್ರ ಹಾಕಿ. ಕೂತಾಗ ತೊಡೆಯ ಮೇಲೆ ದಪ್ಪ ದಿಂಬು, ಅದರ ಮೇಲೆ ಮೊಣಕೈಯಿಂದ ಬೆರಳ ತುದಿವರೆಗೆ ಇಡೀ ಮುಂಗೈ, ಬೆರಳು ಬಿಡಿಸಿ. ದಿಂಬು ತೆಳುವಾದರೆ ಭುಜ ಜೋತಾಡುತ್ತದೆ. ತೀರ ಎತ್ತರವಾದರೆ ಹೆಗಲು ಕಿವಿ ಮುಟ್ಟುತ್ತದೆ. ಎರಡೂ ಹೆಗಲು ಒಂದೇ ಮಟ್ಟಕ್ಕೆ ಬರುವಷ್ಟಿರಲಿ.

ಬಲ ಮೆದುಳಿನ ಸ್ಟ್ರೋಕ್ ಎಂದಿರಿ. ಎಡಗಡೆ ಎಂಬುದೊಂದಿದೆ ಎಂಬುದನ್ನೇ ಅವರು ಮರೆಯುತ್ತಾರೆಯೇ ನೋಡಿ. ತಟ್ಟೆಯ ಎಡ ಅರ್ಧದ ಅನ್ನ ಹಾಗೇ ಉಳಿಯುತ್ತದೆಯೇ? ಎಡಗೈ ಕುರ್ಚಿಯ ಪಕ್ಕ ಜೋತುಬಿದ್ದರೂ ಗಮನವಿಲ್ಲವೇ? ಹಾಗಿದ್ದರೆ ಕೈ ಬಾಗಿಲಿಗೋ ಗಾಲಿಕುರ್ಚಿಯ ಚಕ್ರಕ್ಕೋ ಸಿಕ್ಕುವ ಅಪಾಯವಿದೆ. ಮಾತಾಡಿಸುವವರು ಎಡಗಡೆ ಕೂರಲಿ.

ಊತಕ್ಕೆ: ಕೈ ಕೆಳಗೆ ಬಿಡದಿರುವುದೇ ಮೊದಲ ಔಷಧ. ಬೆರಳ ತುದಿಯಿಂದ ಮಣಿಕಟ್ಟಿನತ್ತ ಹಗುರವಾಗಿ ನೀವಬಹುದು. ಆ ಕೈಗೆ ಬಿಪಿ ಪಟ್ಟಿ, ಸಲೈನ್ ಬೇಡ ಎಂದು ಲ್ಯಾಬಿನವರಿಗೂ ಹೇಳಿ. ಊತದ ಜೊತೆ ಚರ್ಮ ಕೆಂಪಾಗಿ ಹೊಳೆಯುತ್ತಿದ್ದರೆ, ಬಿಸಿಯಿದ್ದರೆ, ಬರೀ ಸೋಕಿದರೂ ಉರಿಯೆಂದರೆ ಅದು ಬೇರೆಯೇ ತೊಂದರೆ. ಅದೇ ವಾರ ನ್ಯೂರಾಲಜಿಸ್ಟ್‌ಗೆ ತೋರಿಸಿ.

ಮಾಲೀಸು: ಭುಜಕ್ಕೆ ಜಗ್ಗಿ ತಿಕ್ಕಿಸುವುದು ಬೇಡವೇ ಬೇಡ. ಕಾಲಿಗೂ ಎಚ್ಚರ. ಎಡ ಮೀನಖಂಡ ಬಲಕ್ಕಿಂತ ದಪ್ಪವಾಗಿ, ಒತ್ತಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಲ್ಲಿ ತಿಕ್ಕಿದರೆ ಗಡ್ಡೆ ಶ್ವಾಸಕೋಶಕ್ಕೆ ಹೋಗಬಹುದು. ಅಂಥದ್ದು ಕಂಡರೆ ಅವತ್ತೇ ಆಸ್ಪತ್ರೆಗೆ. ಬಿಸಿನೀರಿನ ಚೀಲವೂ ಹಾಗೇ: ಸ್ಪರ್ಶ ಕಮ್ಮಿಯಾದ ಕೈ ಸುಟ್ಟರೂ ಅವರಿಗೆ ತಿಳಿಯದು. ಇಡಲೇಬೇಕೆಂದರೆ ಟವೆಲ್ ಸುತ್ತಿ, ಐದೈದು ನಿಮಿಷಕ್ಕೆ ಚರ್ಮ ನೋಡಿ.

---

ಮಡಗಾಂವ್ ಆರ್ಥೋಟಿಸ್ಟ್ (ಕೈಕಾಲಿನ ಆಸರೆ ಸಲಕರಣೆ ಮಾಡಿಕೊಡುವವರು):

ಜೋಲಿಯ ವಿಷಯಕ್ಕೆ ಒಂದು ತಿದ್ದುಪಡಿ. ನಡೆಯುವಾಗಲೂ ಕುತ್ತಿಗೆಗೆ ನೇತುಹಾಕುವ ಜೋಲಿಗಿಂತ, ಮುಂಗೈಗೆ ಪಟ್ಟಿ ಇದ್ದು ಭಾರವನ್ನು ಭುಜಕ್ಕೆ ವರ್ಗಾಯಿಸುವ ಆರ್ಥೋಸಿಸ್, ಅಂದರೆ ತೊಡುವ ಆಸರೆ, ಮೇಲು. ಮೊಣಕೈ ನೆಟ್ಟಗಿರುತ್ತದೆ, ನಡೆಯುವಾಗ ತೂಕ ತಪ್ಪುವುದಿಲ್ಲ. ಅಳತೆ ತಪ್ಪಿದರೆ ಅದೂ ಕೆಲಸಕ್ಕೆ ಬಾರದು: ಹಾಕಿದ ಮೇಲೆ ಗುಳಿಯನ್ನು ಬೆರಳಿಂದ ಮುಟ್ಟಿ ನೋಡಿ, ಕಡಿಮೆಯಾಗಿರಬೇಕು.

ಪಾದ ಉಜ್ಜುವುದಕ್ಕೆ ಎಎಫ್‌ಒ ಬೇಕಾಗುತ್ತದೆ, ಮೊಣಕಾಲ ಕೆಳಗಿನಿಂದ ಪಾದದಡಿವರೆಗಿನ ಪ್ಲಾಸ್ಟಿಕ್ ಆಸರೆ. ನಮ್ಮ ಮನೆಗಳಲ್ಲಿ ಒಳಗೆ ಬರಿಗಾಲು, ತೊಂದರೆ ಅಲ್ಲೇ. ಬರೀ ಎಎಫ್‌ಒ ಹಾಕಿ ಟೈಲ್ಸ್ ಮೇಲೆ ನಡೆದರೆ ಜಾರುವುದು ಖಂಡಿತ. ಮನೆಯೊಳಗಿಗೆಂದೇ ಒಂದು ಜೊತೆ ಶೂ ಇಡಿ, ಒಂದು ಸೈಜ್ ದೊಡ್ಡದು, ಹಿಮ್ಮಡಿ ಗಟ್ಟಿಯಿರುವುದು. ಶುಗರ್ ಇರುವುದರಿಂದ ಬಿಚ್ಚಿದ ಮೇಲೆ ಪ್ರತಿ ಸಲ ಚರ್ಮ ನೋಡಿ. ಕೆಂಪು ಗುರುತು 20 ನಿಮಿಷದಲ್ಲಿ ಮಾಯವಾಗದಿದ್ದರೆ ಆ ಜಾಗ ಒತ್ತುತ್ತಿದೆ, ತಿದ್ದಿಸಬೇಕು. ಮೊದಲ ದಿನ ಅರ್ಧ ಗಂಟೆಯಿಂದ ಶುರುಮಾಡಿ. ಮುಂಬೈಯಲ್ಲಿ ಹಾಜಿ ಅಲಿಯ ಅಖಿಲ ಭಾರತ ಪುನರ್ವಸತಿ ಸಂಸ್ಥೆ ಕೇಂದ್ರ ಸರ್ಕಾರದ್ದು, ಇಂಥ ಸಲಕರಣೆಗೆ ಅಲ್ಲೇ ವರ್ಕ್‌ಶಾಪ್ ಇದೆ.

ಊರುಗೋಲು ಬಲಗೈಯಲ್ಲಿ. ಹಿಡಿಯ ಎತ್ತರ, ಶೂ ಹಾಕಿ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಸಮ. ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಬಲಗಾಲು. ಎರಡು ಕೈ ಬೇಕಾದ ವಾಕರ್ ಈಗಲೇ ಕೊಳ್ಳಬೇಡಿ, ದುಡ್ಡು ದಂಡ.

---

ಡೊಂಬಿವಲಿ ಪೂರ್ವ:

ಎಲ್ಲರಿಗೂ ತುಂಬಾ ಉಪಕಾರ. ರಾಟೆ ಬಿಚ್ಚಿದೆ. ತಟ್ಟೆಯ ವಿಷಯ ನಿಜ, ಎಡಗಡೆಯ ಪಲ್ಯ ಹಾಗೇ ಇತ್ತು. ಊಟ ಸೇರುತ್ತಿಲ್ಲ ಎಂದುಕೊಂಡಿದ್ದೆವು. ಇನ್ನೆರಡು ಕೇಳುತ್ತೇನೆ. ಫಿಸಿಯೊಗೆ ಬೇಜಾರಾಗದ ಹಾಗೆ ಹೇಗೆ ಹೇಳುವುದು? ಮುಂದಿನ ತಿಂಗಳು ಚೆಕಪ್‌ಗೆ ಮೂರು ಮಹಡಿ ಇಳಿಸಬೇಕು, ಹೇಗೆ?

---

ಕೊಥ್ರೂಡ್ ಫಿಸಿಯೊ:

‘ರಾಟೆಯಿಂದ ನೋವು ಹೆಚ್ಚಾಯಿತು, ನಿಲ್ಲಿಸಿದ್ದೇವೆ. ಹಲಗೆ ಮೂಳೆ ಹಿಡಿದು ಕೈ ಎತ್ತುವುದನ್ನು ನಮಗೆ ಕಲಿಸಿಕೊಡಿ’ ಎಂದು ಕೇಳಿ. ಕಲಿಸಿದರೆ ಅವರನ್ನೇ ಮುಂದುವರಿಸಿ, ಮೂಳೆ ಸವೆತದ ಮಂಡಿಗಳನ್ನೇ ಹೆಚ್ಚು ನೋಡಿದವರಿಗೆ ಇದು ರೂಢಿ ಇರದಿರಬಹುದು ಅಷ್ಟೆ. ‘ನೋವಾದರೇನೇ ಕೈ ಬರುವುದು’ ಎಂದರೆ ನ್ಯೂರೋ ಕೇಸು ನೋಡುವ ಬೇರೆಯವರನ್ನು ಹುಡುಕಿ. ಮಹಾರಾಷ್ಟ್ರದಲ್ಲಿ ಫಿಸಿಯೊಗಳಿಗೆ ರಾಜ್ಯ ಕೌನ್ಸಿಲಿನ ನೋಂದಣಿ ಇರಬೇಕು. ನಂಬರ್ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಮೆಟ್ಟಿಲಿಗೆ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಇಳಿಯುವಾಗ ನೀವು ಅವರ ಮುಂದೆ, ಒಂದು ಮೆಟ್ಟಿಲು ಕೆಳಗೆ, ಸ್ವಲ್ಪ ಎಡಕ್ಕೆ ಇರಬೇಕು. ಬೆಲ್ಟ್ ಹಿಡಿದವರು ಹಿಂದೆ. ನಿಮ್ಮ ಕಟ್ಟಡದ ಕಟಾಂಜನ ಇಳಿಯುವಾಗ ಯಾವ ಕಡೆ ಬರುತ್ತದೆ ಎಂದು ಈಗಲೇ ನೋಡಿಕೊಳ್ಳಿ. ಎಡಕ್ಕೆ ಬಂದರೆ ಬಲಗೈಗೆ ಹಿಡಿಯಲು ಏನೂ ಇರುವುದಿಲ್ಲ, ಆ ಸಲ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿ ಇಳಿಸುವುದೇ ಸರಿ.

ಕಾಲಿಗೆ ಆ ಬಲ ಬರುವುದು ಕುರ್ಚಿಯಿಂದ ಎದ್ದು ಕೂರುವುದರಿಂದ. ಮಾಮೂಲಿ ಪ್ಲಾಸ್ಟಿಕ್ ಕುರ್ಚಿ ಅವರಿಗೆ ತಗ್ಗಾದರೆ ಎರಡನ್ನು ಒಂದರೊಳಗೊಂದು ಹಾಕಿ ಗೋಡೆಗೆ ಒತ್ತಿ ಇಡಿ. ಪಾದಗಳು ಮಂಡಿಗಿಂತ ಸ್ವಲ್ಪ ಹಿಂದೆ, ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗಿ, ಆಮೇಲೆ ಏಳಬೇಕು. ಬಲಗಾಲನ್ನು ಒಂದಿಷ್ಟು ಮುಂದಿಟ್ಟರೆ ಭಾರ ಎಡಗಾಲಿಗೆ ಹೋಗುತ್ತದೆ. ದಿನಕ್ಕೆ 30ರಿಂದ ಶುರುಮಾಡಿ, ಮೂರು ಕಂತಿನಲ್ಲಿ. ಪಕ್ಕದಲ್ಲಿ ಒಬ್ಬರು ಬೆಲ್ಟ್ ಹಿಡಿದೇ ಇರಲಿ.

ಭುಜದ ಗುಳಿಯನ್ನು ದಿನಾ ಅಳೆಯಬೇಡಿ. ವಾರಕ್ಕೊಮ್ಮೆ, ಅದೇ ಕುರ್ಚಿ, ಕೈ ಇಳಿಬಿಟ್ಟು ಒಂದು ನಿಮಿಷ ಆದ ಮೇಲೆ, ಅಳೆಯುವ ಬೆರಳು ಒಬ್ಬರದೇ ಇರಲಿ. ಎರಡು ವಾರದಲ್ಲಿ ರಾತ್ರಿಯ ನೋವು ತಗ್ಗದಿದ್ದರೆ ಭುಜಕ್ಕೆ ಅಲ್ಟ್ರಾಸೌಂಡ್ ಬೇಕೇ ಎಂದು ಡಾಕ್ಟರನ್ನು ಕೇಳಿ. ಸ್ನಾಯುರಜ್ಜು ಹರಿದಿದ್ದರೆ ಅದರಲ್ಲಿ ಕಾಣುತ್ತದೆ.